ಸೆರೆಮನೆಯೂ ಆಶ್ರಯವೂ ಆದ ಅಲ್ಜೀರ್ಸ್

ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸಿನ ಅರಬ್ಬಿ ಹೆಸರು ಅಲ್-ಜಝಾಯಿರ್, ಅಂದರೆ ದ್ವೀಪಗಳು. ಆದರೆ ಇಂದು ಅಲ್ಲಿಗೆ ಹೋದವರಿಗೆ ಆ ದ್ವೀಪಗಳು ಕಾಣುವುದಿಲ್ಲ. ದಡದೆದುರಿನ ಬಂಡೆಗಳ ನಡುಗಡ್ಡೆಯೊಂದರಲ್ಲಿ 1510ರಲ್ಲಿ ಸ್ಪೇನಿನವರು ಕೋಟೆ ಕಟ್ಟಿ, ಊರಿನತ್ತ ಫಿರಂಗಿಗಳನ್ನು ತಿರುಗಿಸಿಟ್ಟಿದ್ದರು. 1529ರಲ್ಲಿ ಖೈರುದ್ದೀನ್ ಬಾರ್ಬರೋಸಾ ಅದನ್ನು ಗೆದ್ದು ಕೆಡವಿಸಿ, ಅದರ ಕಲ್ಲುಗಳನ್ನೇ ಬಳಸಿ ನಡುಗಡ್ಡೆಗಳನ್ನು ದಡಕ್ಕೆ ಕೂಡಿಸುವ ಕಟ್ಟೆಯನ್ನು ಹಾಕಿಸಿದನು. ಹಡಗುಗಳಿಗೆ ಭದ್ರವಾದ ಬಂದರು ದೊರೆಯಿತು. ದ್ವೀಪಗಳು ಹೆಸರಿನಲ್ಲಷ್ಟೇ ಉಳಿದವು.

ಫಿನೀಷಿಯನ್ ವರ್ತಕರ ತಂಗುದಾಣವಾಗಿ, ರೋಮನ್ನರ ಇಕೋಸಿಯಮ್ ಆಗಿ, ಹತ್ತನೆಯ ಶತಮಾನದಲ್ಲಿ ಬುಲುಗ್ಗೀನ್ ಇಬ್ನ್ ಝೀರಿಯಿಂದ ಮರುಸ್ಥಾಪಿತವಾದ ಈ ನಗರವನ್ನು ಯುರೋಪಿನ ಬರಹಗಳು ಬಹುಕಾಲ ಕಡಲ್ಗಳ್ಳರ ಗೂಡೆಂದೇ ಕರೆದವು. ಈ ಚಿತ್ರಕ್ಕೆ ಮುಖ್ಯ ಆಧಾರ ಸೆರೆಯಾಳುಗಳ ಕಥನಗಳು. ಅವರಲ್ಲಿ ಅಗ್ರಗಣ್ಯನು ಸೆರ್ವಾಂಟಿಸ್. 1575ರಲ್ಲಿ ಕಡಲಲ್ಲಿ ಸೆರೆಸಿಕ್ಕ ಆತ ನಾಲ್ಕು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿ ವಿಫಲನಾಗಿ, 1580ರಲ್ಲಿ ಒತ್ತೆಹಣ ಸಂದಾಯವಾದ ಮೇಲೆ ಬಿಡುಗಡೆ ಹೊಂದಿದನು. ಆ ಯಾತನೆ ಸುಳ್ಳಲ್ಲ. ಆದರೆ ಅದೇ ಕಾಲದಲ್ಲಿ ಮಾಲ್ಟಾದಲ್ಲಿಯೂ ಇಟಲಿಯ ಬಂದರುಗಳಲ್ಲಿಯೂ ಮುಸ್ಲಿಂ ಸೆರೆಯಾಳುಗಳು ಮಾರಾಟವಾಗುತ್ತಿದ್ದರು, ಕ್ರೈಸ್ತ ದೊರೆಗಳ ಯುದ್ಧನೌಕೆಗಳಿಗೆ ಹುಟ್ಟು ಹಾಕುತ್ತಿದ್ದರು. ಅವರ ಕಥೆಗಳು ವಿಶ್ವಸಾಹಿತ್ಯದ ಪಠ್ಯಗಳಿಗೆ ಬರಲಿಲ್ಲ. ಕಡಲ್ಗಳ್ಳತನವನ್ನು ಒಂದೇ ದಡಕ್ಕೆ ಅಂಟಿಸುವುದು ಇತಿಹಾಸವಲ್ಲ.

ಸೆರ್ವಾಂಟಿಸನನ್ನು ಪೂರ್ತಿಯಾಗಿ ಓದಿದರೆ ಆತನೇ ಇದಕ್ಕೆ ಸಾಕ್ಷಿ ನುಡಿಯುತ್ತಾನೆ. 'ಡಾನ್ ಕ್ವಿಕ್ಸೋಟ್' ಕೃತಿಯ ಮೊದಲ ಭಾಗದಲ್ಲಿ ಅಲ್ಜೀರ್ಸಿನಿಂದ ಪಾರಾಗಿ ಬಂದ ಸೆರೆಯಾಳಿನ ಪ್ರಸಿದ್ಧ ಕಥೆಯಿದೆ. 1615ರ ಎರಡನೆಯ ಭಾಗದಲ್ಲಿ ಸ್ಯಾಂಕೊನ ನೆರೆಯವನಾದ ರಿಕೋಟೆ ಬರುತ್ತಾನೆ. ಮುಸ್ಲಿಂ ಮೂಲದ ಕ್ರೈಸ್ತರಾದ ಮೊರಿಸ್ಕೊಗಳನ್ನು ಸ್ಪೇನ್ 1609ರಿಂದ ಹೊರದಬ್ಬಿತಷ್ಟೆ, ಆತ ಅವರಲ್ಲೊಬ್ಬ. ಮನೆಮಾರು ಕಳೆದುಕೊಂಡ ಆತನ ಮಗಳು ಸೇರುವುದು ಅಲ್ಜೀರ್ಸನ್ನೇ. 1492ರಲ್ಲಿ ಗ್ರನಾಡಾ ಪತನವಾದ ಬಳಿಕವೂ ಸ್ಪೇನನ್ನು ತೊರೆದ ಮುಸ್ಲಿಮರು, ಯಹೂದಿಗಳು ಅನೇಕರು ಈ ನಗರದಲ್ಲಿ ನೆಲೆ ಕಂಡಿದ್ದರು. ಒಬ್ಬನಿಗೆ ಸೆರೆಮನೆಯಾದ ಊರು ಇನ್ನೊಬ್ಬನಿಗೆ ಆಶ್ರಯ. ವಿಮರ್ಶಕರು ಮೊದಲನೆಯ ಕಥೆಗೆ ಕೊಟ್ಟ ಗಮನವನ್ನು ಎರಡನೆಯದಕ್ಕೂ ಕೊಡಬೇಕಿತ್ತು.

ಫ್ರೆಂಚರು 1830ರಲ್ಲಿ ನಗರವನ್ನು ವಶಪಡಿಸಿಕೊಂಡ ಮೇಲೆ ಕಲ್ಲುಗಳ ಕಥೆ ಮತ್ತೆ ಮೊದಲಾಯಿತು. ಕಸ್ಬಾ ಎಂಬ ಹಳೆಯ ಊರಿನ ಕೆಳಭಾಗವನ್ನು ಕೆಡವಿ ಚೌಕ ಮಾಡಿದರು. ಕೆಚಾವಾ ಮಸೀದಿ 1832ರಲ್ಲಿ ಚರ್ಚಾಯಿತು. 1962ರ ಸ್ವಾತಂತ್ರ್ಯದ ನಂತರ ಮತ್ತೆ ಮಸೀದಿಯಾಯಿತು.

ಇದೇ ನಗರದಲ್ಲಿ ಬೆಳೆದ ಆಲ್ಬರ್ಟ್ ಕಾಮು 1942ರ ತನ್ನ ಕಾದಂಬರಿ 'ದಿ ಔಟ್‌ಸೈಡರ್'ನಲ್ಲಿ ಅಲ್ಜೀರ್ಸ್ ಸಮೀಪದ ಕಡಲತೀರದಲ್ಲಿ ಅರಬನೊಬ್ಬನ ಕೊಲೆಯನ್ನು ಚಿತ್ರಿಸಿದನು. ಸತ್ತವನಿಗೆ ಆ ಕೃತಿಯಲ್ಲಿ ಹೆಸರೇ ಇಲ್ಲ. ಈ ಅನಾಮಿಕತೆಯನ್ನು ಬರಿಯ ತಾತ್ವಿಕ ತಂತ್ರವೆಂದು ಬೋಧಿಸುವುದು ತರಗತಿಗಳಲ್ಲಿ ವಾಡಿಕೆ. ಅಲ್ಜೀರಿಯಾದ ಲೇಖಕ ಕಮೆಲ್ ದಾವೂದ್ 2013ರಲ್ಲಿ ಅದೇ ಕಥೆಯನ್ನು ಕೊಲೆಯಾದವನ ತಮ್ಮನ ಬಾಯಿಂದ ಹೇಳಿಸಿದನು. ಎರಡನ್ನೂ ಒಟ್ಟಿಗೆ ಪಾಠವಾಗಿಡಬೇಕು. ದಾವೂದ್‌ನ ಕಾದಂಬರಿಯಲ್ಲಿ ಸತ್ತವನ ಹೆಸರು ಮೂಸಾ.