ಪೆಟ್ಟಿಗೆ ಕೊಟ್ಟರಾಯಿತೇ? ಕಲಿಸುವವರು ಯಾರು?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ಕನ್ನಡದ ಗೆಳೆಯರೇ, ಸಂಡೂರು ತಾಲ್ಲೂಕಿನ ಚೋರನೂರಿನಿಂದ ಒಬ್ಬ ಮುದ್ರಕ ಬರೆಯುತ್ತಿದ್ದೇನೆ. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ರಸೀದಿ ಪುಸ್ತಕ ಅಚ್ಚು ಹಾಕುವುದು ಕಸುಬು.

ನಮ್ಮ ಕಡೆಯ ಹುಡುಗನೊಬ್ಬ ವಿದ್ಯಾರ್ಥಿವೇತನದ ಅರ್ಜಿಯನ್ನು ನನ್ನ ಪ್ರೆಸ್ಸಿನಲ್ಲೇ ಟೈಪು ಮಾಡಿಸಿ ಒಂದು ಕಚೇರಿಗೆ ಇ-ಮೇಲ್ ಕಳಿಸಿದ. ಅಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! "ಇಂಗ್ಲಿಷಿನಲ್ಲೇ ಕೊಡಪ್ಪ" ಎಂದರಂತೆ. ಕನ್ನಡ ನಾಡಿನ ಕಚೇರಿಯಲ್ಲಿ! ತಪ್ಪು ನನ್ನದೂ ಹೌದು, ಹಳೆಯ ಫಾಂಟಿನಲ್ಲಿ ಹೊಡೆದಿದ್ದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಡುತ್ತವೆ. ಫಾಂಟ್ ಇಲ್ಲದ ಕಡೆ ಬಾಡಿಗೆದಾರ ಮಾಯ, ಮಾಲೀಕ ಪ್ರತ್ಯಕ್ಷ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆಯಿದೆ. ಇದನ್ನು ನನಗೆ ತಿಳಿಸಿದ್ದು ಸರ್ಕಾರಿ ತರಬೇತಿಯಲ್ಲ. ದೀಪಾವಳಿಗೆ ಊರಿಗೆ ಬಂದ ಹುಡುಗಿಯೊಬ್ಬಳು. ಅರ್ಧ ದಿನ ಕೂತು ಕಲಿಸಿದಳು. ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಕನ್ನಡ ಕಂಪ್ಯೂಟರಿಗೆ ಬಂದದ್ದೇ ಇಂಥವರ ಬೆವರಿನಿಂದ. ಸರ್ಕಾರ ಒಪ್ಪಿದ ಕೀಲಿಮಣೆಯ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದು. ಶೇಷಾದ್ರಿವಾಸು 1998ರಲ್ಲಿ 'ಬರಹ'ವನ್ನು ಉಚಿತವಾಗಿ ಹಂಚಿದರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೆಳೆದದ್ದು ಸಂಬಳವಿಲ್ಲದವರ ಕೈಯಲ್ಲಿ. ನಮ್ಮ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿತ್ತು. 2007ರಲ್ಲಿ ಅವರು ತೀರಿಕೊಂಡರು. ಅಂಥ ಜಗಳಗಂಟರು ಮತ್ತೆ ಸಿಗಲಿಲ್ಲ ಬಿಡಿ.

ಸರ್ಕಾರಕ್ಕೆ ಗೊತ್ತಿರುವುದು ಪೆಟ್ಟಿಗೆ ಕೊಳ್ಳುವುದು. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಆಮೇಲೆ 'ಅರಿವು ಕೇಂದ್ರ'ಗಳಾದವು, ಹಲವೆಡೆ ಕಂಪ್ಯೂಟರೂ ಬಂತು. ಸಂತೋಷ. ಆದರೆ ಅದರಲ್ಲಿ ಕನ್ನಡ ಹೊಡೆಯುವುದನ್ನು ರೈತನ ಮಗಳಿಗೆ ಕಲಿಸುವವರು ಯಾರು? ಗಣಿ ಧೂಳು ಕುಡಿಯುವ ನಮ್ಮ ಜಿಲ್ಲೆಗೆ 2015ರ ಕಾನೂನಿನಂತೆ ಖನಿಜ ಪ್ರತಿಷ್ಠಾನದ ಹಣವಿದೆ. ಕಲಿಸಲು ಬರುವವರ ಬಸ್ ಚಾರ್ಜು, ಊಟಕ್ಕೆ ಅದರಲ್ಲಿ ಒಂದು ಪಾಲು ಇಡಲಿ. ಅವರಿಗೊಂದು ಗುರುತಿನ ಚೀಟಿ ಕೊಡಲಿ. ಯಾವ ತಂತ್ರಾಂಶ ಕೊಳ್ಳಬೇಕು ಎಂದು ತೀರ್ಮಾನಿಸುವ ಸಭೆಗೂ ಅವರನ್ನು ಕರೆಯಲಿ, ಗುತ್ತಿಗೆದಾರನೊಬ್ಬನೇ ಯಾಕೆ?

ಹಾಗೆಂದು ಸ್ವಯಂಸೇವಕರು ಬಂದರೆಂದು ಗ್ರಂಥಪಾಲಕರ ಸಂಬಳಕ್ಕೆ ಕತ್ತರಿ ಹಾಕಿದರೆ ನಾನೇ ಮೊದಲು ಕರಪತ್ರ ಅಚ್ಚು ಹಾಕುತ್ತೇನೆ! ಪುಕ್ಕಟೆ ದುಡಿಮೆಗೆ ಯೋಜನೆ ಎಂಬ ಹೆಸರಿಡುವುದು ಮೋಸ.

ಗೆಳೆಯರೇ, ನವೆಂಬರಿನಲ್ಲಿ ಬಾವುಟ ಹಿಡಿದು ಮೆರವಣಿಗೆ ಮಾಡಿ, ಬೇಡವೆನ್ನುವುದಿಲ್ಲ. ಮರುದಿನ ಬಸ್ಸು ಹತ್ತಿ ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿ. ನಮ್ಮ ಕಡೆಯವರಾದರೆ ಪ್ರೆಸ್ಸಿಗೇ ಬನ್ನಿ. ಒಂದು ಕಂಪ್ಯೂಟರ್, ಎರಡು ಕುರ್ಚಿ ಇವೆ. ಕರೆಂಟು ಮಾತ್ರ ಇದ್ದರೆ ಉಂಟು.