ಒಂದೇ ಪದರ, ಮೂರು ಅಡಮಾನ

ಒಂದೇ ಹೊಲವನ್ನು ಮೂವರು ಸಾಹುಕಾರರ ಬಳಿ ಅಡವಿಟ್ಟವನನ್ನು ಊರು ಏನೆಂದು ಕರೆಯುತ್ತದೆ ಎಂದು ನಾನು ಹೇಳಬೇಕಿಲ್ಲ. ಅದೇ ಕೆಲಸ ನೆಲದ ಆಳದಲ್ಲಿ ನಡೆದರೆ ಮಾತ್ರ ‘ಹವಾಮಾನ ಪರಿಹಾರ’ ಎಂಬ ಗೌರವದ ಹೆಸರು ಸಿಗುತ್ತದೆ. ನಮ್ಮ ದೇಶದ ಆಳದ ಕಲ್ಲಿದ್ದಲು ಪದರಗಳ ಬಗ್ಗೆ ಇವತ್ತು ಮೂರು ಮಾತುಗಳು ಒಟ್ಟಿಗೆ ಕೇಳಿಬರುತ್ತಿವೆ. ಅಲ್ಲಿರುವ ಮೀಥೇನ್ ಅನಿಲವನ್ನು ಹೊರತೆಗೆಯುತ್ತೇವೆ ಎಂಬುದು ಮೊದಲನೆಯದು. ಆ ಕಲ್ಲಿದ್ದಲನ್ನು ನೆಲದೊಳಗೇ ಉರಿಸಿ ಅನಿಲವಾಗಿಸುತ್ತೇವೆ ಎಂಬುದು ಎರಡನೆಯದು. ಅಂಥ ಪದರಗಳಲ್ಲೇ ಕಾರ್ಬನ್ ಡೈಆಕ್ಸೈಡನ್ನು ಶಾಶ್ವತವಾಗಿ ಹೂತಿಡುತ್ತೇವೆ ಎಂಬುದು ಮೂರನೆಯದು. ಮೊದಲನೆಯದೂ ಮೂರನೆಯದೂ ಹೇಗೋ ಹೊಂದಿಕೊಂಡಾವು. ಎರಡನೆಯದೂ ಮೂರನೆಯದೂ ಒಂದೇ ಪದರದಲ್ಲಿ ಬಾಳುವುದು ಸಾಧ್ಯವೇ ಇಲ್ಲ. ಈ ಸರಳ ಸಂಗತಿಯನ್ನು ಗಟ್ಟಿಯಾಗಿ ಹೇಳುವವರು ಕಡಿಮೆ ಎಂಬುದೇ ನನ್ನ ತಕರಾರು.

ಮೊದಲು ವಿಜ್ಞಾನ. ಕಲ್ಲಿದ್ದಲು ನೋಡಲು ಬಂಡೆ, ಒಳಗೆ ಸ್ಪಂಜು. ಅದರ ಸೂಕ್ಷ್ಮ ರಂಧ್ರಗಳ ಗೋಡೆಗಳಿಗೆ ಮೀಥೇನ್ ಅಣುಗಳು ಅಂಟಿಕೊಂಡಿರುತ್ತವೆ. ಸೀಳುಗಳಲ್ಲಿ ತುಂಬಿದ ನೀರಿನ ಒತ್ತಡ ಅವನ್ನು ಅಲ್ಲೇ ಹಿಡಿದಿಡುತ್ತದೆ. ಬಾವಿ ಕೊರೆದು ಆ ನೀರನ್ನು ಹೊರಗೆಳೆದರೆ ಒತ್ತಡ ಇಳಿದು ಅನಿಲ ಬಿಡಿಸಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಕಲ್ಲಿದ್ದಲಿನ ಮೇಲೆ ಮೀಥೇನಿಗಿಂತ ಹೆಚ್ಚು ಮೋಹ. ಅದನ್ನು ಒಳಗೆ ನುಗ್ಗಿಸಿದರೆ ಮೀಥೇನನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಒಂದು ಮೀಥೇನ್ ಅಣು ಎದ್ದುಹೋದಲ್ಲಿ ಎರಡು, ಕೆಲವು ಕಲ್ಲಿದ್ದಲಿನಲ್ಲಿ ಇನ್ನೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಅಣುಗಳು ನೆಲೆಸುತ್ತವೆ. ಕೊಳೆಯನ್ನು ಹೂಳಿದ್ದಕ್ಕೆ ಪ್ರತಿಫಲವಾಗಿ ಇಂಧನ! ಭೂವಿಜ್ಞಾನದ ವಿದ್ಯಾರ್ಥಿಯಾಗಿ ಈ ವಿದ್ಯಮಾನದ ಚೆಲುವು ನನ್ನನ್ನೂ ಸೆಳೆದಿದೆ. ಆದರೆ ಚೆಲುವು ಬೇರೆ, ಲೆಕ್ಕ ಬೇರೆ.

ಮೀಥೇನ್ ತೆಗೆಯುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. 1965ರಲ್ಲಿ ಈಗಿನ ಜಾರ್ಖಂಡಿನ ಧೋರಿ ಗಣಿಯ ಸ್ಫೋಟದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಗಣಿಗೆ ಇಳಿಯುವವರಿಗೆ ಈ ಅನಿಲ ಸಾವಿನ ಇನ್ನೊಂದು ಹೆಸರು. ಅಗೆಯುವ ಮೊದಲೇ ಅದನ್ನು ಹೊರತೆಗೆದರೆ ಜೀವ ಉಳಿಯುತ್ತದೆ. ಸುಮ್ಮನೆ ಗಾಳಿಗೆ ಬಿಟ್ಟರೆ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಭಾರತ 1997ರಲ್ಲಿ ಇದಕ್ಕೊಂದು ನೀತಿ ರೂಪಿಸಿತು. 2007ರಲ್ಲಿ ರಾಣಿಗಂಜ್‌ನಲ್ಲಿ ವಾಣಿಜ್ಯ ಉತ್ಪಾದನೆ ಶುರುವಾಯಿತು, 2017ರಲ್ಲಿ ಮಧ್ಯಪ್ರದೇಶದ ಸೊಹಾಗ್‌ಪುರದಲ್ಲಿ. ಸರ್ಕಾರಿ ಅಂದಾಜಿನ ಪ್ರಕಾರ ನಮ್ಮ ನೆಲದಡಿ ಇಂಥ ಅನಿಲ ಸುಮಾರು 2,600 ಶತಕೋಟಿ ಘನ ಮೀಟರ್ ಇದೆ. ಹೊರಬರುತ್ತಿರುವುದು ವರ್ಷಕ್ಕೆ ಒಂದು ಶತಕೋಟಿಗಿಂತಲೂ ಕಡಿಮೆ. ಕಾಗದದ ಸಂಪತ್ತಿಗೂ ಕೈಗೆಟಕುವ ಸಂಪತ್ತಿಗೂ ಇರುವ ಈ ದೂರ ನೆನಪಿರಲಿ. ಹೂಳುವ ಮಾತಿನಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ.

ಏಕೆಂದರೆ ಕಾರ್ಬನ್ ಡೈಆಕ್ಸೈಡ್ ಹೀರಿದ ಕಲ್ಲಿದ್ದಲು ಉಬ್ಬುತ್ತದೆ. ಉಬ್ಬಿದಾಗ ಸೀಳುಗಳು ಮುಚ್ಚಿಕೊಳ್ಳುತ್ತವೆ, ಇನ್ನಷ್ಟು ಅನಿಲ ಒಳಹೋಗುವ ದಾರಿಯೇ ಕಟ್ಟಿಹೋಗುತ್ತದೆ. ಉಂಡವನ ಗಂಟಲೇ ಬಿಗಿದಂತೆ. ಅಮೆರಿಕದ ಸ್ಯಾನ್ ವಾನ್ ಕಣಿವೆಯಲ್ಲಿ 1995ರಲ್ಲಿ ಶುರುವಾದ ಪ್ರಯೋಗದಲ್ಲೂ, 2004ರ ಹೊತ್ತಿಗೆ ಜಪಾನಿನ ಯೂಬಾರಿಯಲ್ಲೂ ಇದೇ ತೊಡಕು ಎದುರಾಯಿತು. ಪೋಲೆಂಡಿನ ಸೈಲೀಸಿಯಾದಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ನಡೆದ ರೆಕೋಪಾಲ್ ಯೋಜನೆಯಲ್ಲಿ ಪದರವನ್ನು ಒತ್ತಡದಿಂದ ಸೀಳಬೇಕಾಯಿತು. ಇಷ್ಟೆಲ್ಲ ಮಾಡಿ ಅಲ್ಲಿ ಒಳಗಿಳಿಸಿದ್ದು ಸುಮಾರು 760 ಟನ್. ನಮ್ಮ ರಾಯಚೂರು ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಒಂದು ಮೆಗಾವಾಟ್-ಗಂಟೆ ವಿದ್ಯುತ್ತಿಗೆ ಸರಿಸುಮಾರು ಒಂದು ಟನ್ ಎಂದು ಹಿಡಿದರೆ, ಪೂರ್ಣ ಸಾಮರ್ಥ್ಯದಲ್ಲಿ ಅದು ಅರ್ಧ ಗಂಟೆಯೊಳಗೆ ಅಷ್ಟನ್ನು ಆಕಾಶಕ್ಕೆ ಬಿಟ್ಟಿರುತ್ತದೆ. ಪೋಲೆಂಡಿನದು ಪ್ರಯೋಗವಷ್ಟೇ, ಅದನ್ನು ಅಣಕಿಸುವುದು ಸಲ್ಲ. ಆದರೆ ಆ ಪ್ರಯೋಗವನ್ನೇ ಪರಿಹಾರವೆಂದು ಮಾರುವವರನ್ನು ಪ್ರಶ್ನಿಸಲೇಬೇಕು.

‘ಎರಡು ಒಳಗೆ, ಒಂದು ಹೊರಗೆ’ ಎಂಬ ಲೆಕ್ಕದಲ್ಲೂ ಒಂದು ಮರೆವಿದೆ. ಹೊರಬಂದ ಮೀಥೇನನ್ನು ಉರಿಸಿದರೆ ಪ್ರತಿ ಅಣುವಿನಿಂದ ಒಂದು ಕಾರ್ಬನ್ ಡೈಆಕ್ಸೈಡ್ ಅಣು ಹುಟ್ಟುತ್ತದೆ. ಹೂತ ಎರಡರಲ್ಲಿ ಒಂದು ಮರಳಿ ಗಾಳಿಗೆ ಬಂತು. ಅನಿಲವನ್ನು ಹಿಡಿಯಲು, ಒತ್ತಲು, ಸಾಗಿಸಲು ಬೇಕಾದ ಶಕ್ತಿಯನ್ನೂ ಬಾವಿ-ಕೊಳವೆಗಳಿಂದ ಸೋರುವ ಮೀಥೇನನ್ನೂ ಕಳೆದ ಮೇಲೆ ಉಳಿಯುವುದು ಎಷ್ಟು? ಜಾಹೀರಾತಿನ ಸಂಖ್ಯೆಯ ಪಕ್ಕದಲ್ಲಿ ಈ ಸಂಖ್ಯೆಯೂ ಇರಬೇಕು.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಹೂಳುವವರ ಉತ್ತರ ಸಿದ್ಧವಾಗಿದೆ: ‘ನಾವು ಬಳಸುವುದು ಅಗೆಯಲಾಗದ ಆಳದ ಪದರಗಳನ್ನು ಮಾತ್ರ.’ ಆದರೆ ‘ಅಗೆಯಲಾಗದ’ ಎಂಬುದು ಭೂವಿಜ್ಞಾನದ ಪದವೇ ಅಲ್ಲ, ಮಾರುಕಟ್ಟೆಯ ಪದ. ಬೆಲೆ ಏರಿದರೆ, ಯಂತ್ರ ಸುಧಾರಿಸಿದರೆ ಇವತ್ತಿನ ‘ಆಗದು’ ನಾಳೆ ‘ಆದೀತು’ ಆಗುತ್ತದೆ. ಸಾಕ್ಷಿ ಬೇಕೆ? 2024ರ ಜೂನ್‌ನಲ್ಲಿ ಜಾರ್ಖಂಡಿನ ಜಾಮ್ತಾಡಾ ಜಿಲ್ಲೆಯ ಕಾಸ್ತಾದಲ್ಲಿ ಕಲ್ಲಿದ್ದಲನ್ನು ನೆಲದೊಳಗೇ ಅನಿಲವಾಗಿಸುವ ಪ್ರಾಯೋಗಿಕ ಯೋಜನೆಗೆ ಕೇಂದ್ರ ಕಲ್ಲಿದ್ದಲು ಸಚಿವಾಲಯ ಚಾಲನೆ ಕೊಟ್ಟಿತು. ಸಾಂಪ್ರದಾಯಿಕವಾಗಿ ಅಗೆಯಲಾಗದ ಕಲ್ಲಿದ್ದಲನ್ನು ಬಳಸುವುದೇ ಈ ತಂತ್ರಜ್ಞಾನದ ಸಮರ್ಥನೆ. 2022ರಲ್ಲಿ ನೀತಿ ಆಯೋಗ ಹೊರತಂದ ಇಂಗಾಲ ಸೆರೆಯ ನೀತಿ ಚೌಕಟ್ಟಿನ ವರದಿಯೂ ಹೂಳಲು ಜಾಗ ಹುಡುಕುವಾಗ ಅಂಥದೇ ಪದರಗಳತ್ತ ಕಣ್ಣು ಹಾಯಿಸುತ್ತದೆ. ಒಂದು ಕೈ ಉಗ್ರಾಣ ಎನ್ನುತ್ತದೆ, ಇನ್ನೊಂದು ಕೈ ಅದೇ ಉಗ್ರಾಣಕ್ಕೆ ಕಡ್ಡಿ ಗೀರಲು ಕಲಿಯುತ್ತಿದೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಪದರವನ್ನು ಮುಂದೆಂದಾದರೂ ಅಗೆದರೆ, ಉರಿಸಿದರೆ ಹೂತದ್ದೆಲ್ಲ ಹೊರಗೆ. ಆದ್ದರಿಂದ ಹೂಳುವುದೆಂದರೆ ಆ ಕಲ್ಲಿದ್ದಲನ್ನು ಶಾಶ್ವತವಾಗಿ ತ್ಯಜಿಸುವ ಪ್ರತಿಜ್ಞೆ. 2024-25ರಲ್ಲಿ ನೂರು ಕೋಟಿ ಟನ್ ಕಲ್ಲಿದ್ದಲು ತೆಗೆದು ಸಂಭ್ರಮಿಸಿದ ದೇಶ ಈ ಪ್ರತಿಜ್ಞೆಗೆ ಸಿದ್ಧವಿದೆಯೇ?

ಇಲ್ಲಿ ಭಾಷೆಯೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಪತ್ರಿಕೆಗಳಲ್ಲಿ ಇದನ್ನು ‘ಇಂಗಾಲ ಸಂಗ್ರಹ’ ಎಂದು ಬರೆಯುತ್ತೇವೆ. ಸಂಗ್ರಹ ಎಂದರೆ ಮುಂದೆ ತೆಗೆದು ಬಳಸಲು ಇಟ್ಟದ್ದು. ಉತ್ತರ ಕರ್ನಾಟಕದ ಹಗೇವುಗಳಲ್ಲಿ ಜೋಳ ಇಟ್ಟದ್ದು ಸಂಗ್ರಹ. ಆ ಹಗೇವನ್ನು ತೆರೆದ ಕೂಡಲೇ ಒಳಗೆ ಇಳಿಯಬಾರದು, ಕಟ್ಟಿದ ಗಾಳಿ ಹೋಗಲು ಬಿಡಬೇಕು ಎಂಬ ಎಚ್ಚರ ನಮ್ಮ ಹಿರಿಯರಿಗಿತ್ತು. ಉಸಿರಾಡುವ ಕಾಳು ತುಂಬಿಸಿಟ್ಟ ಇದೇ ಕಾರ್ಬನ್ ಡೈಆಕ್ಸೈಡ್ ಅಲ್ಲಿ ಜೀವ ತೆಗೆದದ್ದುಂಟು. ಹಗೇವಿಗೆ ಒಬ್ಬ ಒಡೆಯನಿದ್ದ, ತೆರೆಯುವ ದಿನವಿತ್ತು. ಈಗ ಹೇಳುತ್ತಿರುವ ಗುಂಡಿಗೆ ತೆರೆಯುವ ದಿನವಿಲ್ಲ. ಸಾವಿರ ವರ್ಷ ಕಾಯುವ ಒಡೆಯನೂ ಇಲ್ಲ.

ಕಾಯುವ ನಮ್ಮ ಶಕ್ತಿಯ ಬಗ್ಗೆ ಝರಿಯಾವನ್ನು ಕೇಳಬೇಕು. ಅಲ್ಲಿ ಬೆಂಕಿ ಕಾಣಿಸಿಕೊಂಡದ್ದು 1916ರಲ್ಲಿ. ಗಣಿಗಳು ರಾಷ್ಟ್ರೀಕರಣಗೊಂಡು ಅರ್ಧ ಶತಮಾನ ಕಳೆದರೂ, 2009ರಲ್ಲಿ ಮಾಸ್ಟರ್ ಪ್ಲಾನ್ ಬಂದರೂ ಅದು ಪೂರ್ತಿ ಆರಿಲ್ಲ. ಸ್ಥಳಾಂತರದ ಭರವಸೆಗೆ ಕಾಯುತ್ತ ಜನ ಬಿರುಕುಬಿಟ್ಟ ನೆಲದ ಮೇಲೆ ಬದುಕಿದ್ದಾರೆ. ಆಳದ ಪದರಗಳ ಸ್ಥಿತಿ ಬೇರೆ ಎಂದು ತಜ್ಞರು ಹೇಳಬಹುದು, ಅದು ನಿಜ. ಆದರೆ ಪದರ ಬೇರೆಯಾದರೂ ಆಡಳಿತ ಅದೇ. ಕಣ್ಣೆದುರಿನ ಹೊಗೆಗೆ ಉತ್ತರ ಕೊಡದ ವ್ಯವಸ್ಥೆ ಕಾಣದ ಅನಿಲಕ್ಕೆ ಶತಮಾನಗಳ ಜವಾಬ್ದಾರಿ ಹೊರುತ್ತದೆ ಎಂದು ಯಾವ ಆಧಾರದ ಮೇಲೆ ನಂಬುವುದು?

ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ಕಾರ್ಬನ್ ಡೈಆಕ್ಸೈಡ್ ಹೂಳುತ್ತಿಲ್ಲವೇ ಎಂದು ಕೇಳುವವರಿದ್ದಾರೆ. ಹೂಳುತ್ತಿದ್ದಾರೆ, ಬಹುಕಾಲ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಟನ್. ಆದರೆ ಅದು ಸಮುದ್ರದಡಿಯ ಉಪ್ಪುನೀರಿನ ಮರಳುಗಲ್ಲು, ಅದಕ್ಕಾಗಿ ಜಗಳಾಡುವ ಗಣಿಯಿಲ್ಲ, ಮೇಲೆ ಊರಿಲ್ಲ. ಗಾಳಿಗೆ ಬಿಟ್ಟರೆ ತೆರಿಗೆ ಎಂಬ ಕಾನೂನು ಅಲ್ಲಿ 1991ರಲ್ಲೇ ಬಂದಿತ್ತು. ಮೊದಲು ಕಾನೂನು, ಆಮೇಲೆ ಬಾವಿ. ನಮ್ಮಲ್ಲಿ ಬಾವಿಯ ಕನಸು ಮೊದಲು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಹೂಳಲು ಆರಿಸಿದ ಪ್ರತಿ ಪದರವನ್ನೂ ಗಣಿ ಹರಾಜಿನಿಂದ, ಅನಿಲೀಕರಣದಿಂದ ಕಾನೂನುಬದ್ಧವಾಗಿ ಶಾಶ್ವತವಾಗಿ ಹೊರಗಿಡಬೇಕು. ಸೋರಿದರೆ ಹೊಣೆ ಯಾರದೆಂದು ಬಾವಿ ಕೊರೆಯುವ ಮೊದಲೇ ಬರೆಯಬೇಕು. ಮೇಲಿನ ಊರುಗಳ ಗ್ರಾಮಸಭೆಯ ಒಪ್ಪಿಗೆ ಬೇಕು. ಇವು ಆಗುವವರೆಗೆ, ಮುಂದೆ ಹೂಳುತ್ತೇವೆಂಬ ಭರವಸೆಯ ಮೇಲೆ ಹೊಸ ಕಲ್ಲಿದ್ದಲು ಸ್ಥಾವರಕ್ಕೆ ಅನುಮತಿ ಕೊಡಬಾರದು.

ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ನಮಗೇಕೆ ಈ ಉಸಾಬರಿ ಎನ್ನುವಂತಿಲ್ಲ. ರಾಯಚೂರು, ಬಳ್ಳಾರಿಗಳ ಕುಲುಮೆಗಳಲ್ಲಿ ಉರಿಯುವುದು ಹೊರಗಿನಿಂದ ಬಂದ ಕಲ್ಲಿದ್ದಲು. ಬೆಳಕು ನಮಗೆ, ಗುಂಡಿ ಅವರಿಗೆ ಎಂಬ ಹಂಚಿಕೆ ಈಗಾಗಲೇ ಜಾರಿಯಲ್ಲಿದೆ. ಈಗ ಹೊಗೆಯನ್ನೂ ಅವರ ನೆಲದಡಿಗೇ ಕಳಿಸುವ ಮಾತು ಶುರುವಾಗಿದೆ. ಮುಂದಿನ ಸಲ ಯಾವುದಾದರೂ ವಿಚಾರ ಸಂಕಿರಣದಲ್ಲಿ ‘ಇಷ್ಟು ಕೋಟಿ ಟನ್ ಹೂಳುವ ಸಾಮರ್ಥ್ಯ ನಮಗಿದೆ’ ಎಂಬ ಚಿತ್ರಪಟ ತೆರೆ ಮೇಲೆ ಬಂದಾಗ ಎದ್ದುನಿಂತು ಒಂದೇ ಪ್ರಶ್ನೆ ಕೇಳಿ: ಆ ಪದರವನ್ನು ಹರಾಜು ಪಟ್ಟಿಯಿಂದ ತೆಗೆದಿದ್ದೀರಾ?