ಲಾಭವೂ ಲೋಕಹಿತವೂ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಪತ್ರ ಬಂದಿತ್ತು. ಬರೆದವರು ಒಂದು ಖಾಸಗಿ ಕಂಪನಿಯವರು. ಸಂಘದ ಕಟ್ಟಡದ ತಾರಸಿಯ ಮೇಲೆ ಸೌರಫಲಕಗಳನ್ನು ತಮ್ಮ ಖರ್ಚಿನಲ್ಲೇ ಕೂಡಿಸುವರಂತೆ; ಅದರಿಂದ ಬರುವ ವಿದ್ಯುತ್ತನ್ನು ನಾವು 25 ವರ್ಷಗಳ ಕಾಲ ಗೊತ್ತುಮಾಡಿದ ದರದಲ್ಲಿ ಅವರಿಂದಲೇ ಕೊಳ್ಳಬೇಕಂತೆ. ದೇಶದ ಹವಾಮಾನ ಗುರಿಗೆ ಇದು ತಮ್ಮ ಅಳಿಲುಸೇವೆ ಎಂದು ಕೊನೆಯಲ್ಲಿ ಬರೆದಿದ್ದರು.

ಆ ಅಳಿಲಿನಿಂದಲೇ ಜಗಳ ಹುಟ್ಟಿತು. ಸಮಿತಿಯಲ್ಲಿರುವ ನಿವೃತ್ತ ಮೇಷ್ಟರು, "ಸೇವೆ ಮಾಡುವವರು ದರಪಟ್ಟಿ ಲಗತ್ತಿಸುತ್ತಾರೆಯೆ? ಆಕಾಶಕ್ಕೆ ಹೊಗೆ ಹಾಕಿದವರೇ ಈಗ ಅದನ್ನು ಗುಡಿಸಲು ಕೂಲಿ ಕೇಳುತ್ತಿದ್ದಾರೆ" ಎಂದರು. ಹೋಟೆಲು ನಡೆಸುವ ನಮ್ಮ ಖಜಾಂಚಿಗಳು, "ಮೇಷ್ಟ್ರೇ, ವ್ಯಾಪಾರಸ್ಥ ಧರ್ಮಛತ್ರ ಇಟ್ಟಿಲ್ಲ. ಗಿಟ್ಟಿದರೆ ಮಾಡುತ್ತಾನೆ, ಗಿಟ್ಟದಿದ್ದರೆ ಬಿಡುತ್ತಾನೆ. ಅವನು ಬಿಟ್ಟರೆ ನಿಮ್ಮ ಗುರಿ ಕಾಗದದ ಮೇಲೇ ಉಳಿಯುತ್ತದೆ" ಎಂದರು. ಇಬ್ಬರೂ ತೀರ್ಪಿಗಾಗಿ ನಮ್ಮ ಕಡೆ ತಿರುಗಿದರು. ಸರಕಾರಿ ಕಛೇರಿಯ ಗುಮಾಸ್ತರಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಇನ್ನೂ ಉಳಿದಿರುವುದು ನಮ್ಮ ಸಂಘದಲ್ಲಿ ಮಾತ್ರ! ಅಷ್ಟರಲ್ಲಿ ಕಾಫಿ ಬಂದು ನಾವು ಪಾರಾದೆವು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇವೆ.

ಗುರಿಯೆಂದರೇನೆಂಬುದನ್ನು ಮೊದಲು ನೋಡೋಣ. 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನಮ್ಮ ದೇಶ ಒಂದು ಮಾತು ಕೊಟ್ಟಿತು: 2070ರ ಹೊತ್ತಿಗೆ ನಾವು ಗಾಳಿಗೆ ಬಿಡುವ ಇಂಗಾಲವೂ ಹೀರಿಕೊಳ್ಳುವ ಇಂಗಾಲವೂ ಸರಿಸಮವಾಗಬೇಕು. ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧವಾದರೂ ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಡದ ಬಗೆಯದಾಗಿರಬೇಕೆಂಬುದು 2030ರ ಗುರಿ. ಇದು 2025ರಲ್ಲೇ ಕೈಗೂಡಿತು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೂರ್ಯ ರಾತ್ರಿಪಾಳಿ ಮಾಡುವುದಿಲ್ಲ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಇನ್ನು ಮುಂದಿನ ದಾರಿಗೆ ಬೇಕಾದ ಬಂಡವಾಳವನ್ನು ಸರಕಾರವೊಂದೇ ಹೂಡಲಾರದು. ಹಾಗಾಗಿ ಖಾಸಗಿಯವರು ಬೇಕೆ ಬೇಡವೆ ಎಂಬುದು ಪ್ರಶ್ನೆಯೇ ಅಲ್ಲ; ಯಾವ ಷರತ್ತಿನ ಮೇಲೆ ಎಂಬುದೇ ಪ್ರಶ್ನೆ.

ಷರತ್ತಿನ ಮಹಿಮೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ತಲೆಯೆತ್ತಿ ನಿಮ್ಮ ಮನೆಯ ದೀಪವನ್ನು ನೋಡಿ. 2014ರಲ್ಲಿ ಎಲ್‌ಇಡಿ ಬಲ್ಬು ಸರಕಾರದ ಸಗಟು ಖರೀದಿಯಲ್ಲೇ ಒಂದಕ್ಕೆ 310 ರೂಪಾಯಿ ಬಿದ್ದಿತ್ತು. ಕೇಂದ್ರದ ಉದ್ಯಮಗಳು ಸೇರಿ ಕಟ್ಟಿದ ಒಂದು ಕಂಪನಿ, ದೇಶಕ್ಕೆಲ್ಲ ಬೇಕಾಗುವ ಬಲ್ಬುಗಳನ್ನು ಒಟ್ಟುಗೂಡಿಸಿ ಟೆಂಡರು ಕರೆಯಿತು. ತಯಾರಕರು ಪೈಪೋಟಿಗೆ ಬಿದ್ದರು. 2016ರಲ್ಲಿ ಅದೇ ದರ 38 ರೂಪಾಯಿಗೆ ಇಳಿಯಿತು! 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಮೀರಿ ಬಲ್ಬುಗಳು ಮನೆಗಳನ್ನು ಸೇರಿದವು. ಲೆಕ್ಕ ನಮ್ಮ ಕಸುಬಾದ್ದರಿಂದ ಒಂದು ಲೆಕ್ಕ ಕೊಡುತ್ತೇವೆ: ದಿನಕ್ಕೆ 5 ಗಂಟೆ ಉರಿಸಿದರೆ 60 ವಾಟಿನ ಹಳೆಯ ಬಲ್ಬಿಗೆ ತಿಂಗಳಿಗೆ 9 ಯೂನಿಟ್ಟು, ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಬಲ್ಬು ಮಾಡಿದವರೇನೂ ತಪಸ್ವಿಗಳಲ್ಲ. ಅವರು ಲಾಭಕ್ಕಾಗಿಯೇ ಮಾಡಿದರು. ಆದರೆ ಕೊಳ್ಳುವವನು ಜಾಣನಾಗಿದ್ದ. ಲಾಭವೂ ಲೋಕಹಿತವೂ ಒಂದೇ ಗಾಡಿಗೆ ಹೂಡಿದ ಎತ್ತುಗಳಾದವು.

ಇದೇ ಮಾತಿಗೆ ನಮ್ಮ ನಾಡಿನದೇ ಇನ್ನೊಂದು ನಿದರ್ಶನ ತುಮಕೂರು ಜಿಲ್ಲೆಯ ಪಾವಗಡ. ಬರಕ್ಕೆ ಹೆಸರಾದ ಆ ತಾಲ್ಲೂಕಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಪೂರ್ತಿಯಾಯಿತು. ನೆಲ ಗೊತ್ತುಮಾಡಿ, ರಸ್ತೆ, ತಂತಿಗಳ ಏರ್ಪಾಡು ಮಾಡಿದ್ದು ಸರಕಾರದ ಸಂಸ್ಥೆ. ಹರಾಜಿನಲ್ಲಿ ಗೆದ್ದು ಫಲಕ ಹಾಕಿದವರಲ್ಲಿ ಹೆಚ್ಚಿನವರು ಖಾಸಗಿ ಕಂಪನಿಯವರು. ರೈತರಿಂದ ಭೂಮಿಯನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಹಿಡಿದರು. ಎರಡೆರಡು ವರ್ಷಕ್ಕೊಮ್ಮೆ ದರ ಏರಿಸುವ ಕರಾರೂ ಉಂಟು. ಮಳೆ ಬರಲಿ, ಬಿಡಲಿ, ಗೇಣಿ ಬರುತ್ತದೆ, ಒಡೆತನವೂ ರೈತನದೇ.

ಇದನ್ನು ನಾವು ಹೆಮ್ಮೆಯಿಂದ ನಮ್ಮ ನೆರೆಮನೆಯ ಅಜ್ಜಿಗೆ ಹೇಳಿದೆವು. ಅವರು ಆ ಸೀಮೆಯವರೇ. ಮಗನ ಜೊತೆ ಈ ಮುಂಬಯಿ ಸೇರಿ ಬಹಳ ಕಾಲವಾಯಿತು. ಅಜ್ಜಿ ಸುಮ್ಮನೆ ಕೇಳಿದರು, ಕೊನೆಗೆ ಅಂದರು: "ಅಲ್ಲಪ್ಪಾ, ಹೊಲ ಇದ್ದೋರಿಗೆ ದುಡ್ಡು ಬಂತು. ಆ ಹೊಲದಾಗೆ ಕಳೆ ಕೀಳೋಕೆ ಹೋಗ್ತಿದ್ದೋರಿಗೆ ಏನು ಬಂತು?"

ನಮ್ಮ ಬಿ. ಎ. ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನೆಲವಿಲ್ಲದ ಕೂಲಿಯವನಿಗೆ ಗೇಣಿಪತ್ರದಲ್ಲಿ ಹೆಸರಿಲ್ಲ. ಫಲಕ ಒರಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಿಗುತ್ತದೆ. ಇಂಗಾಲವನ್ನು ಲೆಕ್ಕಕ್ಕೆ ಹಿಡಿದವರು ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಡವೆ? ಕಂಪನಿ ತಾನಾಗಿ ಹಿಡಿಯುವುದಿಲ್ಲ, ಷರತ್ತಿನಲ್ಲಿದ್ದರೆ ಹಿಡಿಯುತ್ತದೆ. ಲಾಭಕ್ಕೆ ಕಾಲುಂಟು, ಕಣ್ಣಿಲ್ಲ. ಷರತ್ತು ಬರೆಯುವವನಿಗೆ ಕಣ್ಣಿರಬೇಕು.

ಈಗ ನಮ್ಮ ತಾರಸಿಯ ಮಾತು. ಮೇಷ್ಟರ ಸಂಶಯವೂ ಸರಿ, ಖಜಾಂಚಿಗಳ ಲೆಕ್ಕವೂ ಸರಿ. ನಮ್ಮ ತೀರ್ಪು ಇಷ್ಟೆ: ಪತ್ರವನ್ನು ತಿರಸ್ಕರಿಸುವುದೂ ಬೇಡ, ಅಳಿಲಿಗೆ ಮರುಳಾಗಿ ರುಜು ಹಾಕುವುದೂ ಬೇಡ. ಕೆಟ್ಟ ಫಲಕವನ್ನು ಎಷ್ಟು ದಿನದೊಳಗೆ ಸರಿಪಡಿಸುವಿರಿ? ಮಳೆಗಾಲದಲ್ಲಿ ತಾರಸಿ ಸೋರಿದರೆ ಯಾರ ಖರ್ಚು? ನಡುವೆ ಕಂಪನಿಯೇ ಕೈಬದಲಾದರೆ ಕರಾರಿನ ಗತಿಯೇನು? ಅವಧಿ ತೀರಿದ ಮೇಲೆ ಹಳೆಯ ಫಲಕಗಳನ್ನು ಒಯ್ಯುವವರಾರು? ಈ ನಾಲ್ಕಕ್ಕೆ ಬರೆಹದಲ್ಲಿ ಉತ್ತರ ಬರಲಿ. ಇನ್ನೂ ಇಬ್ಬರಿಂದ ದರ ತರಿಸೋಣ. ಫಲಕ ಏರಿಸುವ ಆಳುಗಳಿಗೆ ನಡುಕಟ್ಟು ಹಗ್ಗ, ತಲೆಗೆ ಟೊಪ್ಪಿಗೆ ಕೊಡತಕ್ಕದ್ದೆಂಬ ಐದನೆಯ ಷರತ್ತನ್ನು ಅಜ್ಜಿಯ ಹೆಸರಿನಲ್ಲಿ ನಾವೇ ಸೇರಿಸುತ್ತೇವೆ.

ಮುಂದಿನ ಸಭೆಗೆ ಸದಸ್ಯರು ದಯಮಾಡಿ ಬರಬೇಕು. ಜಗಳ ಮುಂದುವರಿಯುವುದು ಖಂಡಿತ. ಕಾಫಿ ಖಜಾಂಚಿಗಳ ಹೋಟೆಲಿನದು.